ಹೊರಾಂಗಣದಲ್ಲಿ ಹೂ ಬಿಡುವ ಬೋನ್ಸಾಯ್ ದಾಳಿಂಬೆಯ ಪಾಲನೆ: ಶಿರೂರು ಭಾಗದ ಸಾರ್ವಜನಿಕರಿಗೆ ಮಾಹಿತಿ

ಆಳವಿಲ್ಲದ ಕುಂಡದಲ್ಲಿ ಮರವನ್ನು ಕುಬ್ಜ ರೂಪದಲ್ಲಿ ಬೆಳೆಸುವ ಕಲೆಗೆ ಬೋನ್ಸಾಯ್ ಎಂದು ಹೆಸರು. ಬೆಂಗಳೂರಿನ ತಂಪು ಹವೆಗೆ ಹೊಂದುವ ಪಾಲನಾ ಕ್ರಮವನ್ನು, ಏಪ್ರಿಲ್-ಮೇ ತಿಂಗಳುಗಳಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುವ ಬಾಗಲಕೋಟೆ ಜಿಲ್ಲೆಯ ಶಿರೂರಿನಲ್ಲಿ ಯಥಾವತ್ತಾಗಿ ಅನುಸರಿಸುವುದು ಸೂಕ್ತವಲ್ಲ. ಈ ಭಾಗಕ್ಕೆ ಕಾಗದದ ಹೂ, ಅಡೇನಿಯಂ ಮತ್ತು ದಾಳಿಂಬೆ ಚೆನ್ನಾಗಿ ಒಗ್ಗುತ್ತವೆ. ಇವುಗಳಲ್ಲಿ ಜಿಲ್ಲೆಯ ವಾಣಿಜ್ಯ ಬೆಳೆಯೂ ಆಗಿರುವ ದಾಳಿಂಬೆಯ ಬಗ್ಗೆ ಇಲ್ಲಿ ವಿವರಿಸಲಾಗಿದೆ.

ಮಣ್ಣು ಮತ್ತು ನೀರು:
ಹೊಲದ ಎರೆಮಣ್ಣನ್ನು ಕುಂಡಕ್ಕೆ ಬಳಸಬಾರದು. ಅದು ಒದ್ದೆಯಾದಾಗ ನೀರನ್ನು ಬಿಡುವುದಿಲ್ಲ, ಒಣಗಿದಾಗ ಬಿರುಕು ಬಿಟ್ಟು ಸಣ್ಣ ಬೇರುಗಳನ್ನು ಹರಿಯುತ್ತದೆ. ಕೆಂಪು ಮಣ್ಣು, ದಪ್ಪ ಮರಳು ಅಥವಾ ಇಟ್ಟಿಗೆ ಚೂರು ಹಾಗೂ ಎರೆಹುಳು ಗೊಬ್ಬರಗಳ ಮಿಶ್ರಣವು ಯೋಗ್ಯ. ಬೇಸಿಗೆಯಲ್ಲಿ ಬೆಳಿಗ್ಗೆ ಮತ್ತು ಸಂಜೆ ನೀರುಣಿಸಿ, ಮಧ್ಯಾಹ್ನದ ಬಿಸಿಲಿಗೆ ನೆರಳು ಬಲೆ ಕಟ್ಟತಕ್ಕದ್ದು. ಕೊಳವೆಬಾವಿಯ ಗಡಸು ನೀರಿನಿಂದ ಕುಂಡದ ಅಂಚಿನಲ್ಲಿ ಬಿಳಿ ಲವಣ ಕಟ್ಟಿಕೊಂಡಲ್ಲಿ, ಸಂಗ್ರಹಿಸಿದ ಮಳೆನೀರನ್ನು ತಳದ ರಂಧ್ರದಿಂದ ಹರಿದುಹೋಗುವಷ್ಟು ಹಾಕಿ ಮಣ್ಣನ್ನು ತೊಳೆಯಬಹುದು.

ತೋಟಗಳಲ್ಲಿ ಬಹಾರ ಹಿಡಿಯಲು ಹಲವು ವಾರ ನೀರು ನಿಲ್ಲಿಸುವ ಪದ್ಧತಿ ಇದೆ. ಅಂಗೈ ಆಳದ ಕುಂಡದಲ್ಲಿ ಹಾಗೆ ಮಾಡಿದಲ್ಲಿ ಹೂವಿನ ಬದಲು ಗಿಡವೇ ಕೈತಪ್ಪುವುದು.

ಹೂವು ಮತ್ತು ಸವರುವಿಕೆ:
ದಾಳಿಂಬೆಯು ಹೊಸ ಚಿಗುರಿನ ತುದಿಯಲ್ಲಿ ಹೂ ಬಿಡುತ್ತದೆ. ಆಕಾರ ಕಾಯ್ದುಕೊಳ್ಳಲೆಂದು ಪ್ರತಿ ಚಿಗುರನ್ನೂ ಚಿವುಟುತ್ತಿದ್ದರೆ ಹೂವೇ ಬರುವುದಿಲ್ಲ. ಆದ್ದರಿಂದ ಹೂ ಮುಗಿದ ನಂತರವೇ ಸವರಬೇಕು. ಯೂರಿಯಾದಂತಹ ಸಾರಜನಕ ಗೊಬ್ಬರ ಹೆಚ್ಚಾದರೂ ಎಲೆಯಷ್ಟೇ ಬೆಳೆಯುತ್ತದೆ. ಗಂಟೆಯಾಕಾರದ ಹೂಗಳು ಉದುರಿದಲ್ಲಿ ಗಾಬರಿಪಡುವ ಅಗತ್ಯವಿಲ್ಲ, ಅವು ಗಂಡು ಹೂಗಳು. ಬುಡ ಉಬ್ಬಿದ ಹೂಜಿಯಾಕಾರದ ಹೂಗಳು ಮಾತ್ರ ಕಾಯಿ ಕಟ್ಟುತ್ತವೆ. ಗಿಡವು ಸೊರಗದಂತೆ ಒಂದೆರಡು ಕಾಯಿಗಳನ್ನಷ್ಟೇ ಉಳಿಸುವುದು. 2-3 ವರ್ಷಗಳಿಗೊಮ್ಮೆ, ಚಿಗುರೊಡೆಯುವ ಮುನ್ನ, ಸುಮಾರು ಮೂರನೇ ಒಂದು ಭಾಗ ಬೇರು ಕತ್ತರಿಸಿ ಹೊಸ ಮಣ್ಣಿಗೆ ವರ್ಗಾಯಿಸಬೇಕು.

ದುಂಡಾಣು ಅಂಗಮಾರಿ ರೋಗ (ವಿಶೇಷ ಗಮನಕ್ಕೆ):
2000ರ ದಶಕದಲ್ಲಿ ಈ ರೋಗದಿಂದ ಜಿಲ್ಲೆಯ ದಾಳಿಂಬೆ ಬೆಳೆಗಾರರು ಭಾರಿ ನಷ್ಟ ಅನುಭವಿಸಿದರು, ಅನೇಕರು ತೋಟಗಳನ್ನೇ ಕಿತ್ತುಹಾಕಿದರು. ಎಲೆಗಳ ಮೇಲೆ ಎಣ್ಣೆ ಸವರಿದಂತಹ ಚುಕ್ಕೆಗಳು, ಕಾಯಿಯ ಮೇಲೆ ಕಪ್ಪು ಮಚ್ಚೆ ಮತ್ತು ಸೀಳು ಇದರ ಲಕ್ಷಣಗಳು. ರೋಗವು ಮಳೆಹನಿಯ ಸಿಡಿತ, ಸವರುವ ಕತ್ತರಿ ಹಾಗೂ ರೋಗಪೀಡಿತ ಸಸಿಗಳ ಮೂಲಕ ಹರಡುತ್ತದೆ. ಅಂಗಳದಲ್ಲಿನ ಒಂದು ಕುಂಡವೂ ಪಕ್ಕದ ತೋಟಕ್ಕೆ ರೋಗದ ಮೂಲವಾಗಬಲ್ಲದು. ಹವ್ಯಾಸದ ಗಿಡವೆಂದು ಇದನ್ನು ಲಘುವಾಗಿ ಪರಿಗಣಿಸುವಂತಿಲ್ಲ.

ಆದುದರಿಂದ ರೋಗವಿದ್ದ ತೋಟದ ಕಡ್ಡಿಗಳನ್ನು ಎಷ್ಟೇ ಹಳೆಯ, ಸೊಗಸಾದ ಬುಡವಿದ್ದರೂ ತರಬಾರದು. ಪ್ರತಿ ಗಿಡದ ನಂತರ ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸತಕ್ಕದ್ದು. ಸವರಿದ ತಕ್ಷಣ ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸುವುದು: 10 ಗ್ರಾಂ ಮೈಲುತುತ್ತ ಮತ್ತು 10 ಗ್ರಾಂ ಸುಣ್ಣವನ್ನು ಬೇರೆ ಬೇರೆಯಾಗಿ ಅರ್ಧರ್ಧ ಲೀಟರ್ ನೀರಿನಲ್ಲಿ ಕರಗಿಸಿ, ಪ್ಲಾಸ್ಟಿಕ್ ಪಾತ್ರೆಯಲ್ಲಿ ಬೆರೆಸಿ, ಅದೇ ದಿನ ಬಳಸಬೇಕು. ಕಬ್ಬಿಣದ ಪಾತ್ರೆ ಸಲ್ಲದು. ಹೂ ಅರಳಿರುವಾಗ ಸಿಂಪರಣೆ ಬೇಡ. ಕತ್ತರಿಸಿದ ರೋಗಪೀಡಿತ ಭಾಗಗಳನ್ನು ತಿಪ್ಪೆಗೆ ಎಸೆಯದೆ ಸುಡತಕ್ಕದ್ದು.

ಸಂಪರ್ಕ:
ರೋಗದ ಸಂಶಯವಿದ್ದಲ್ಲಿ ಬಾಗಲಕೋಟೆಯ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿಯನ್ನು ಅಥವಾ 2008ರಲ್ಲಿ ಸ್ಥಾಪನೆಯಾದ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವನ್ನು ಸಂಪರ್ಕಿಸಬಹುದು. ಕುಂಡವನ್ನೇ ಹೊತ್ತು ತರುವುದು ಬೇಡ. ಚುಕ್ಕೆಯಿರುವ ನಾಲ್ಕೈದು ಎಲೆಗಳನ್ನು ಬಾಯಿ ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲಿ ತಂದರೆ ಸಾಕು.