ಬಿನೆಯ ಅಳತೆಗೋಲು

ಫ್ರಾನ್ಸಿನಲ್ಲಿ 1882ರ ಕಾನೂನಿನಿಂದ ಪ್ರಾಥಮಿಕ ಶಿಕ್ಷಣವು ಕಡ್ಡಾಯವಾದ ಮೇಲೆ, ಅಲ್ಲಿಯವರೆಗೆ ಹೊಲಗಳಲ್ಲಿಯೋ ಕಾರ್ಖಾನೆಗಳಲ್ಲಿಯೋ ಬಾಲ್ಯವನ್ನು ಸವೆಸುತ್ತಿದ್ದ ಬಡವರ ಮಕ್ಕಳೂ ಶಾಲೆಗೆ ಬಂದು ಸೇರಿದರು. ಅವರಲ್ಲಿ ಎಷ್ಟು ಹೇಳಿಕೊಟ್ಟರೂ ಪಾಠ ತಲೆಗೆ ಹತ್ತದ ಕೆಲವರನ್ನು ಏನು ಮಾಡತಕ್ಕದ್ದು ಎಂಬ ಪ್ರಶ್ನೆ ಕ್ರಮೇಣ ಬಲವಾಯಿತು. ಉಪಾಧ್ಯಾಯರ ಬೇಸರವೊಂದನ್ನೇ ಪ್ರಮಾಣವಾಗಿಟ್ಟುಕೊಂಡರೆ, ತುಂಟನನ್ನೂ ಕಿವಿ ಮಂದವಾದವನನ್ನೂ ನಿಜವಾಗಿ ಬುದ್ಧಿ ಹಿಂದುಳಿದವನನ್ನೂ ಒಂದೇ ಗುಂಪಿಗೆ ತಳ್ಳಿಬಿಡುವ ಅಪಾಯವಿದ್ದಿತು. ಇದನ್ನು ವಿಚಾರಿಸಲು ಸರ್ಕಾರವು 1904ರಲ್ಲಿ ನೇಮಿಸಿದ ಆಯೋಗದಲ್ಲಿ ಆಲ್ಫ್ರೆಡ್ ಬಿನೆ ಎಂಬ ಮನಶ್ಶಾಸ್ತ್ರಜ್ಞನೂ ಇದ್ದನು. ಇಂದು ಎಲ್ಲರೂ ಐಕ್ಯೂ ಎಂದು ಸಲೀಸಾಗಿ ಆಡುವ ಸಂಖ್ಯೆಯ ಮೂಲವು ಆತನ ಕೆಲಸದಲ್ಲಿದೆ. ಆ ಸಂಖ್ಯೆಗೆ ನಾವು ಕೊಟ್ಟಿರುವ ಅಧಿಕಾರವನ್ನು ಮಾತ್ರ ಆತನು ಎಂದೂ ಕೊಟ್ಟವನಲ್ಲ.

ಬುದ್ಧಿಯನ್ನು ಅಳೆಯುವ ಆಸೆ ಬಿನೆಗಿಂತ ಹಳೆಯದು. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1884ರ ಲಂಡನ್ ಆರೋಗ್ಯ ಪ್ರದರ್ಶನದಲ್ಲಿ ಮೂರು ಪೆನ್ನಿ ಶುಲ್ಕ ಪಡೆದು ಜನರ ದೃಷ್ಟಿ, ಶ್ರವಣ, ಮುಷ್ಟಿಬಲಗಳನ್ನು ಅಳೆದಿದ್ದನು. ಬಿನೆಯೂ ಮೊದಲು ಶಾಲಾಬಾಲಕರ ತಲೆಗಳನ್ನೇ ಅಳೆದು, ಜಾಣರಿಗೂ ಮಂದರಿಗೂ ಇರುವ ಅಂತರ ತೀರ ಅತ್ಯಲ್ಪವೆಂದು ಕಂಡು, ಅಳೆಯುವವನ ಪೂರ್ವಗ್ರಹವೇ ಫಲಿತಾಂಶವನ್ನು ವಾಲಿಸಬಲ್ಲದೆಂದು ಶಂಕಿಸಿ, ಆ ದಾರಿಯನ್ನು ಬಿಟ್ಟನು. ಮನೆಯಲ್ಲಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಬಹುಕಾಲ ಪರೀಕ್ಷಿಸಿ, ಅವರಿಗೆ ಮಾರ್ಗರೀತ್, ಅರ್ಮಾಂಡ್ ಎಂಬ ಮರೆಹೆಸರುಗಳನ್ನಿಟ್ಟು 1903ರಲ್ಲಿ ಗ್ರಂಥವನ್ನು ಬರೆದನು. ಒಬ್ಬಳು ಕಣ್ಣೆದುರಿನ ವಸ್ತುವಿನಲ್ಲಿ ಗಮನ ನೆಟ್ಟವಳು, ಇನ್ನೊಬ್ಬಳು ಕಲ್ಪನೆಯಲ್ಲಿ ವಿಹರಿಸುವವಳು; ಒಂದೇ ಸೂರಿನಡಿಯ ಬುದ್ಧಿಗಳೂ ಬೇರೆ ಬೇರೆ ಬಗೆಯವೆಂಬುದನ್ನು ಈ ತಂದೆ ಚೆನ್ನಾಗಿ ಅರಿತಿದ್ದನು.

ವೈದ್ಯನಾದ ತೆಯೊಡೋರ್ ಸಿಮೋನನೊಡನೆ ಆತನು 1905ರಲ್ಲಿ ಪ್ರಕಟಿಸಿದ ಮಾಪನದಲ್ಲಿ 30 ಪರೀಕ್ಷೆಗಳಿದ್ದವು. ಉರಿಯುವ ಬೆಂಕಿಕಡ್ಡಿಯನ್ನು ಆಡಿಸಿದರೆ ಮಗುವಿನ ಕಣ್ಣು ಅದನ್ನು ಹಿಂಬಾಲಿಸುವುದೇ ಎಂಬುದು ಮೊದಲನೆಯದು. ಚಾಕೊಲೇಟಿನ ತುಂಡನ್ನೂ ಅಷ್ಟೇ ಗಾತ್ರದ ಮರದ ತುಂಡನ್ನೂ ಮುಂದಿಟ್ಟರೆ ಯಾವುದನ್ನು ಆರಿಸಿಕೊಳ್ಳುವುದು ಎಂಬುದು ಮತ್ತೊಂದು. ಮುಂದೆ ಹೋದಂತೆ ಮೂರು ಅಂಕಿಗಳನ್ನು ಕೇಳಿ ಹಾಗೆಯೇ ಮರಳಿ ಹೇಳುವುದು, ನೊಣಕ್ಕೂ ಚಿಟ್ಟೆಗೂ ಇರುವ ಭೇದವನ್ನು ತಿಳಿಸುವುದು, ಮಡಿಸಿ ಕತ್ತರಿಸಿದ ಕಾಗದವನ್ನು ಬಿಚ್ಚಿದರೆ ಹೇಗೆ ಕಂಡೀತೆಂದು ಊಹಿಸಿ ಬರೆಯುವುದು ಮೊದಲಾದವು ಬರುತ್ತಿದ್ದವು. 1908ರ ಪರಿಷ್ಕರಣದಲ್ಲಿ ಬಿನೆ ಈ ಪರೀಕ್ಷೆಗಳನ್ನು ಮೂರರಿಂದ ಹದಿಮೂರರವರೆಗಿನ ವಯಸ್ಸುಗಳಿಗೆ ಹಂಚಿದನು. ಎಂಟರ ಬಾಲಕನು ಆರರವರು ಮಾಡುವುದನ್ನಷ್ಟೇ ಮಾಡಬಲ್ಲನಾದರೆ ಅವನ ಮಾನಸಿಕ ಮಟ್ಟವು ಆರೆಂದು ಹೇಳುವ ಪದ್ಧತಿ ಹೀಗೆ ಹುಟ್ಟಿತು. ಎತ್ತರವನ್ನು ಅಳೆದಂತೆ ಬುದ್ಧಿಯನ್ನು ಅಳೆಯಲಾಗದು, ಇದು ಬರಿಯ ವರ್ಗೀಕರಣವೆಂದು ಆತನು ಎಚ್ಚರಿಸಿದ್ದನು.

ಆತನ ಹೃದಯವು ತೆರೆದು ಕಾಣುವುದು 1909ರಲ್ಲಿ ಮಕ್ಕಳ ವಿಷಯವಾಗಿ ಬರೆದ ಗ್ರಂಥದಲ್ಲಿ. ಬುದ್ಧಿಯು ಹುಟ್ಟಿನೊಡನೆ ಬಂದಷ್ಟೇ, ಹೆಚ್ಚಿಸಲಾಗದು ಎಂಬವರ ನಿಷ್ಠುರ ನಿರಾಶಾವಾದವನ್ನು ಅಲ್ಲಿ ಆತನು ಪ್ರತಿಭಟಿಸಿದನು. ಹಿಂದುಳಿದ ಮಕ್ಕಳಿಗೆ ಪಾಠಕ್ಕಿಂತ ಮೊದಲು ಗಮನ, ಸ್ಮೃತಿ, ಸಂಯಮಗಳ ಸಾಧನೆಯನ್ನು ಕಲಿಸಬೇಕೆಂದು ವಾದಿಸಿದನು. ಅದಕ್ಕಾಗಿ ಹೂಡಿದ ಒಂದು ಆಟದಲ್ಲಿ ಶಿಕ್ಷಕನು ಸಂಜ್ಞೆ ಕೊಟ್ಟೊಡನೆ ಮಕ್ಕಳೆಲ್ಲರೂ ಇದ್ದ ಭಂಗಿಯಲ್ಲಿಯೇ ಪ್ರತಿಮೆಗಳಂತೆ ಅಲುಗಾಡದೆ ನಿಲ್ಲಬೇಕಾಗಿದ್ದಿತು. ಒಂದು ಕ್ಷಣವೂ ಒಂದೆಡೆ ನಿಲ್ಲದ ಮಗುವಿಗೆ ತನ್ನ ದೇಹವನ್ನು ತಾನು ಆಳುವುದೇ ವಿದ್ಯೆಯ ಮೊದಲ ಮೆಟ್ಟಿಲೆಂದು ಕಂಡುಕೊಂಡ ಈ ದೃಷ್ಟಿಯನ್ನು ನಾನು ಆತನ ಮಾಪನಕ್ಕಿಂತಲೂ ದೊಡ್ಡದೆಂದು ಎಣಿಸುತ್ತೇನೆ.

1911ರಲ್ಲಿ ಬಿನೆ ತೀರಿಕೊಂಡನು. ಮರುವರ್ಷ ಜರ್ಮನಿಯ ವಿಲಿಯಂ ಸ್ಟರ್ನ್ ಮಾನಸಿಕ ವಯಸ್ಸನ್ನು ನಿಜವಯಸ್ಸಿನಿಂದ ಭಾಗಿಸಿ ಬುದ್ಧಿಲಬ್ಧ (ಐಕ್ಯೂ) ಎಂಬ ಭಾಗಲಬ್ಧವನ್ನು ಸೂಚಿಸಿದನು. ಅಮೆರಿಕದ ಲೂಯಿಸ್ ಟರ್ಮನ್ ಅದನ್ನು ನೂರರಿಂದ ಗುಣಿಸಿ, 1916ರ ತನ್ನ ಸ್ಟ್ಯಾನ್‌ಫರ್ಡ್-ಬಿನೆ ಮಾಪನದ ಮೂಲಕ ಜನಜನಿತವಾಗಿಸಿದನು. ಕಲಿಸುವುದಕ್ಕೆಂದು ಹುಟ್ಟಿದ ಉಪಕರಣವು ಅಲ್ಲಿ ಕಳೆಯುವುದಕ್ಕೆ ಸಾಧನವಾಯಿತು: ಬುದ್ಧಿಮಾಂದ್ಯವು ವಂಶದಲ್ಲಿ ಹರಿಯುವ ದೋಷವೆಂದು ಹೆನ್ರಿ ಗಾಡರ್ಡ್ ಎಂಬ ಮನಶ್ಶಾಸ್ತ್ರಜ್ಞನು ಸಾರಿದನು; ಮಾನಸಿಕ ವಯಸ್ಸು ಒಂಬತ್ತೆಂದು ನಿರ್ಣಯಿಸಲ್ಪಟ್ಟ ವರ್ಜೀನಿಯದ ತರುಣಿಯೊಬ್ಬಳಿಗೆ ಬಲಾತ್ಕಾರದ ಸಂತಾನಹರಣ ಚಿಕಿತ್ಸೆ ಮಾಡಬಹುದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1927ರಲ್ಲಿ ತೀರ್ಪಿತ್ತಿತು. ಈ ಅಧ್ಯಾಯವನ್ನು ಓದುವಾಗ ಮನಸ್ಸು ಇಂದಿಗೂ ನೋಯುತ್ತದೆ.

ನಮ್ಮ ನಾಡಿಗೆ ಬುದ್ಧಿಯನ್ನು ಅಳೆಯುವ ಈ ವಿದ್ಯೆ ಬೇಗನೆಯೇ ಬಂದಿತು. ಮೈಸೂರಿನಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗವು ಆರಂಭವಾಯಿತು; ಅದನ್ನು ಕಟ್ಟಿ ಬೆಳೆಸಿದ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ ಎಂಬ ಮನಶ್ಶಾಸ್ತ್ರ ಪಂಡಿತನ ಶಿಷ್ಯರಾಗಿದ್ದರು. ಅತ್ತ ಮುಂಬಯಿ ಕರ್ನಾಟಕದಲ್ಲಿ ವಿ. ವಿ. ಕಾಮತರು ಬಿನೆ ಮಾಪನವನ್ನು ಕನ್ನಡ, ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದಿಸಿ, 1934ರಲ್ಲಿ ಅದರ ವರದಿಯನ್ನೂ 1940ರಲ್ಲಿ ಗ್ರಂಥವನ್ನೂ ಪ್ರಕಟಿಸಿದರು. ಪ್ಯಾರಿಸಿನ ಮಗುವಿಗೆ ಚಿಲ್ಲರೆಯ ಲೆಕ್ಕ ಕೇಳಿದ ಪ್ರಶ್ನೆಯನ್ನು ನಮ್ಮ ಮಗುವಿಗೆ ಹಾಗೆಯೇ ಕೇಳಲು ಬಾರದು. ನಾಣ್ಯವೂ ಬೇರೆ, ನುಡಿಯೂ ಬೇರೆ, ಆಯಾ ವಯಸ್ಸಿಗೆ ಯಾವುದು ಸುಲಭವೆಂಬುದೂ ಬೇರೆ. ಆದ್ದರಿಂದ ಒಂದೊಂದು ಪ್ರಶ್ನೆಯನ್ನೂ ಇಲ್ಲಿನ ಮಕ್ಕಳ ಬಾಯಿಂದಲೇ ಪರೀಕ್ಷಿಸಿ ನೋಡಬೇಕಾಗುತ್ತದೆ. ಆ ಪರಿಶ್ರಮದ ಫಲವಾದ ಬಿನೆ-ಕಾಮತ್ ಪರೀಕ್ಷೆಯು ಭಾರತದ ಚಿಕಿತ್ಸಾಲಯಗಳಲ್ಲಿ ದಶಕಗಳ ಕಾಲ ಬಳಕೆಯಲ್ಲಿ ಉಳಿದಿದೆ.

ಆದರೆ ತಲೆಮಾರಿನಿಂದ ತಲೆಮಾರಿಗೆ ಈ ಪರೀಕ್ಷೆಗಳಲ್ಲಿ ಜನರ ಅಂಕಗಳು ಏರುತ್ತ ಬಂದಿವೆಯೆಂದು ಜೇಮ್ಸ್ ಫ್ಲಿನ್ ಎಂಬ ಸಂಶೋಧಕನು 1984ರಲ್ಲಿ ತೋರಿಸಿದ ಮೇಲೆ, 1940ಕ್ಕೆ ಮುಂಚಿನ ಮಕ್ಕಳಿಂದ ಪಡೆದ ಮಟ್ಟಗಳಿಂದ ಇಂದಿನ ಮಗುವನ್ನು ಅಳೆಯುವುದು ಸಾಧುವಲ್ಲ. ಮಗುವಿನ ಬುದ್ಧಿಯ ವರದಿಯನ್ನು ಕೈಯಲ್ಲಿ ಹಿಡಿದ ತಂದೆತಾಯಿಗಳು ಆ ಮಟ್ಟಗಳನ್ನು ಯಾವ ಮಕ್ಕಳಿಂದ, ಯಾವ ಕಾಲದಲ್ಲಿ ಪಡೆದರೆಂದು ಕೇಳಲಿ. ನಾಳೆಯಿಂದ ಈ ಮಗುವಿಗೆ ಏನನ್ನು ಕಲಿಸಬೇಕೆಂಬುದನ್ನೂ ಆ ಕಾಗದದ ಮೇಲೆಯೇ ಬರೆಸಿಕೊಳ್ಳಲಿ.