ಶಾಂತಿನಿಕೇತನಕ್ಕೆ ಬಂದ ಇಟಲಿಯ ಕಾಣಿಕೆ

ಒಂದು ರಾಷ್ಟ್ರವು ತನ್ನ ಭಾಷೆ, ಕಲೆ, ವಿದ್ವತ್ತುಗಳನ್ನು ಹೊರನಾಡುಗಳಲ್ಲಿ ಪ್ರಸಾರಮಾಡಿ ಅದರಿಂದ ರಾಜಕೀಯ ಪ್ರಯೋಜನವನ್ನು ಪಡೆಯಲೆಳಸುವುದು ಆಧುನಿಕ ರಾಜನೀತಿಯ ಲಕ್ಷಣಗಳಲ್ಲೊಂದು. ಇಟಲಿಯಲ್ಲಿ ಈ ಪ್ರಯತ್ನವು ಮೊದಲು ಖಾಸಗಿಯಾಗಿ ನಡೆಯಿತು. 1889ರಲ್ಲಿ ಕವಿ ಕಾರ್ದೂಚ್ಚಿ ಮೊದಲಾದವರು ಡಾಂಟೆಯ ಹೆಸರಿನಲ್ಲಿ ಸಂಘವೊಂದನ್ನು ಸ್ಥಾಪಿಸಿ, ವಿದೇಶಗಳಲ್ಲಿ ಇಟಾಲಿಯನ್ ಭಾಷೆಯ ರಕ್ಷಣೆ ಪ್ರಸಾರಗಳಿಗೆ ತೊಡಗಿದರು. ಫ್ಯಾಸಿಸ್ಟ್ ಆಳ್ವಿಕೆಯಲ್ಲಿ ಅದೇ ಕಾರ್ಯವು ಪ್ರಭುತ್ವದ ನೀತಿಯಾಯಿತು. ವಿದೇಶಗಳಲ್ಲಿನ ಇಟಾಲಿಯನ್ ಸಂಸ್ಕೃತಿ ಸಂಸ್ಥೆಗಳನ್ನು ಕುರಿತು 1926ರಲ್ಲಿ ಶಾಸನವೇ ಹೊರಟಿತು. ಈ ನೀತಿಯ ಬಲಾಬಲಗಳನ್ನು ತೂಗಿನೋಡಲು, ಭಾರತಕ್ಕೆ ಸಂಬಂಧಿಸಿದ ಪ್ರಕರಣವೊಂದನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

1925ರಲ್ಲಿ ರೋಮ್ ವಿಶ್ವವಿದ್ಯಾನಿಲಯದ ಸಂಸ್ಕೃತ ಪ್ರಾಧ್ಯಾಪಕ ಕಾರ್ಲೊ ಫೊರ್ಮಿಕಿ ಅವರು ರವೀಂದ್ರನಾಥ ಠಾಕೂರರ ಆಹ್ವಾನದಂತೆ ಶಾಂತಿನಿಕೇತನಕ್ಕೆ ಬಂದರು. ಅವರೊಡನೆ ಮುಸೊಲಿನಿಯ ಕಾಣಿಕೆಯಾಗಿ ಇಟಾಲಿಯನ್ ಗ್ರಂಥಗಳ ಸಂಗ್ರಹವೊಂದೂ ಬಂದಿತು; ತರುಣ ವಿದ್ವಾಂಸ ಜುಸೆಪ್ಪೆ ತುಚ್ಚಿ ಅವರನ್ನು ಇಟಲಿಯ ಸರ್ಕಾರವು ತನ್ನ ವೆಚ್ಚದಿಂದಲೇ ಕಳುಹಿಸಿತು. ಧನಾಭಾವದಿಂದ ತೊಳಲುತ್ತಿದ್ದ ವಿಶ್ವಭಾರತಿಗೆ ಇದು ದೊಡ್ಡ ಉಪಕಾರವೇ ಸರಿ. ಆದರೆ ವಿರೋಧಪಕ್ಷದ ನಾಯಕ ಮತ್ತೆಯೊತ್ತಿಯ ಕೊಲೆ ನಡೆದದ್ದು 1924ರಲ್ಲಿ; ಅದರಿಂದ ಜಗತ್ತಿನೆದುರು ಮಸುಕಾಗಿದ್ದ ಆಡಳಿತಕ್ಕೆ ವಿಶ್ವಕವಿಯ ಮೈತ್ರಿಯು ಎಷ್ಟು ಬೆಲೆಯುಳ್ಳದ್ದೆಂಬುದನ್ನು ಊಹಿಸುವುದು ಕಷ್ಟವಲ್ಲ.

1926ರ ಮೇ ತಿಂಗಳ ಕೊನೆಯಲ್ಲಿ ಠಾಕೂರರು ಇಟಲಿಯನ್ನು ತಲಪಿ ಸರ್ಕಾರದ ಅತಿಥಿಗಳಾದರು, ಮುಸೊಲಿನಿಯನ್ನು ಕಂಡರು. ಕವಿಗೆ ಇಟಾಲಿಯನ್ ಭಾಷೆ ಬಾರದು; ಫೊರ್ಮಿಕಿ ಅವರೇ ದುಭಾಷಿ. ಕವಿಯ ಸೌಜನ್ಯದ ಮಾತುಗಳು ಅಲ್ಲಿನ ಪತ್ರಿಕೆಗಳಲ್ಲಿ ಫ್ಯಾಸಿಸಂನ ಪ್ರಶಂಸೆಯಾಗಿ ಪ್ರಕಟವಾದುವು. ಅನಂತರ ಸ್ವಿಟ್ಜರ್ಲೆಂಡಿನಲ್ಲಿ ರೊಮೇನ್ ರೋಲಾ ಅವರನ್ನು ಭೇಟಿಯಾದಾಗ ಕವಿಗೆ ವಸ್ತುಸ್ಥಿತಿ ತಿಳಿಯಿತು. ಆಂಡ್ರೂಸರಿಗೆ ಅವರು ಬರೆದ ಖಂಡನಪತ್ರವು ಆಗಸ್ಟ್ ತಿಂಗಳಲ್ಲಿ ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆಯಲ್ಲಿ ಅಚ್ಚಾಯಿತು. ಇಟಲಿಯ ಪತ್ರಿಕೆಗಳು ಕವಿಯನ್ನು ನಿಂದಿಸಿದುವು. ತುಚ್ಚಿ ಶಾಂತಿನಿಕೇತನವನ್ನು ಬಿಟ್ಟರು.

ಹೀಗೆ ರಾಜನೀತಿಯ ಲೆಕ್ಕದಲ್ಲಿ ಕಾಣಿಕೆಯು ನಷ್ಟವಾಯಿತು. ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ತುಚ್ಚಿ ಅವರು 1930ರವರೆಗೂ ಭಾರತದಲ್ಲಿದ್ದು ಕಲ್ಕತ್ತ, ಢಾಕಾಗಳಲ್ಲಿ ಬೋಧಿಸಿದರು. ಬೌದ್ಧಶಾಸ್ತ್ರದಲ್ಲೂ ಟಿಬೆಟ್ಟಿನ ಅಧ್ಯಯನದಲ್ಲೂ ಅಗ್ರಗಣ್ಯರೆನಿಸಿದರು. 1933ರಲ್ಲಿ ರೋಮಿನಲ್ಲಿ ಪ್ರಾಚ್ಯಸಂಸ್ಥೆಯೊಂದು ಅವರ ಪ್ರಯತ್ನದಿಂದ ಸ್ಥಾಪಿತವಾಯಿತು. ಅದರ ಅಧ್ಯಕ್ಷರಾದವರು ಫ್ಯಾಸಿಸ್ಟ್ ಬುದ್ಧಿಜೀವಿಗಳ ಪ್ರಣಾಳಿಕೆಯನ್ನು ಬರೆದ ಜೊವಾನ್ನಿ ಜೆಂತಿಲೆ. ಆದುದರಿಂದ ಈ ವಿದ್ವತ್ತು ರಾಜಕೀಯದ ಸೋಂಕಿಲ್ಲದ್ದೆಂದು ಹೇಳಲಾಗದು. ಆದರೂ ಆ ಆಡಳಿತವು ಅಳಿದ ಮೇಲೂ ಸಂಸ್ಥೆಯು ಉಳಿದು, 1956ರಿಂದ ಸ್ವಾತ್ ಕಣಿವೆಯಲ್ಲಿ ಬೌದ್ಧಾವಶೇಷಗಳ ಉತ್ಖನನವನ್ನು ನಡೆಸಿತು.

ಈ ಪ್ರಕರಣದಿಂದ ನಮಗೆ ತೋರುವುದಿಷ್ಟು: ಸಾಂಸ್ಕೃತಿಕ ಕಾಣಿಕೆಯ ಶಕ್ತಿಯು ಅದು ನಿಃಸ್ವಾರ್ಥವೆಂಬ ನಂಬಿಕೆಯನ್ನು ಅವಲಂಬಿಸಿದೆ, ಅದಕ್ಕೆ ಪ್ರತಿಫಲವನ್ನು ವಸೂಲುಮಾಡಲು ಹೊರಟ ಕ್ಷಣದಲ್ಲಿ ಆ ಶಕ್ತಿಯು ನಶಿಸುತ್ತದೆ. ಕೊಟ್ಟವರ ಉದ್ದೇಶ ವಿಫಲವಾದರೂ, ಓದಿದವರ ಓದು ವ್ಯರ್ಥವಾಗುವುದಿಲ್ಲ. ಕಾಣಿಕೆಗಳನ್ನು ಸ್ವೀಕರಿಸುವ ವಿದ್ಯಾಸಂಸ್ಥೆಗಳು ಗ್ರಂಥಗಳನ್ನು ಕಪಾಟಿನಲ್ಲಿರಿಸಿಕೊಳ್ಳಲಿ. ಆದರೆ ತಮ್ಮ ನಾಲಗೆಯನ್ನು ದಾನಿಗೆ ಒಪ್ಪಿಸದಿರಲಿ.