19ರ ಭರವಸೆ, 25ರ ಸಾಧನೆ: ಎನ್‌ಬಿಎ ತಂಡಗಳ ಒಂದು ಹಳೆಯ ಇಕ್ಕಟ್ಟು

2014ರ ಜುಲೈ 11ರಂದು ಲೆಬ್ರಾನ್ ಜೇಮ್ಸ್ ತಾವು ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್ ತಂಡಕ್ಕೆ ಮರಳುವುದಾಗಿ ‘ಸ್ಪೋರ್ಟ್ಸ್ ಇಲಸ್ಟ್ರೇಟೆಡ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಜೊತೆಗೆ ಆಡಲಿರುವ ಕೆಲವರ ಹೆಸರುಗಳೂ ಆ ಬರಹದಲ್ಲಿದ್ದವು. ಎರಡು ವಾರಗಳ ಹಿಂದಷ್ಟೇ, ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನ ಮೊದಲ ಆಯ್ಕೆಯಾಗಿ ಅದೇ ತಂಡ ಸೇರಿದ್ದ ಆಂಡ್ರ್ಯೂ ವಿಗಿನ್ಸ್ ಹೆಸರು ಮಾತ್ರ ಇರಲಿಲ್ಲ. ಒಪ್ಪಂದಕ್ಕೆ ಸಹಿ ಹಾಕಿದ ಹೊಸಬರನ್ನು 30 ದಿನ ಬೇರೆ ತಂಡಕ್ಕೆ ಕೊಡುವಂತಿಲ್ಲ ಎಂಬುದು ಲೀಗ್‌ನ ನಿಯಮ. ವಿಗಿನ್ಸ್ ಸಹಿ ಹಾಕಿದ್ದು ಜುಲೈ 24ಕ್ಕೆ. ಆಗಸ್ಟ್ 23ಕ್ಕೆ ಅವರು ಮಿನೆಸೋಟಾ ಟಿಂಬರ್‌ವುಲ್ವ್ಸ್ ಪಾಲಾದರು, ಅಲ್ಲಿಂದ ಕೆವಿನ್ ಲವ್ ಕ್ಲೀವ್‌ಲ್ಯಾಂಡಿಗೆ ಬಂದರು.

ಲವ್ ಅವರಿಗೆ ಆಗ 25 ವರ್ಷ. ಹಿಂದಿನ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 26.1 ಅಂಕ, 12.5 ರೀಬೌಂಡ್ ಗಳಿಸಿದ್ದರು. ಅಂಥ ಆಟಗಾರನಿದ್ದೂ ಮಿನೆಸೋಟಾ ಆರು ಋತುಗಳಲ್ಲಿ ಒಮ್ಮೆಯೂ ಪ್ಲೇಆಫ್ ತಲುಪಿರಲಿಲ್ಲ. ಟೊರಾಂಟೊ ಕಡೆಯ ವಿಗಿನ್ಸ್‌ಗೆ 19 ವರ್ಷ. ತಂದೆ ಎನ್‌ಬಿಎ ಆಟಗಾರ, ತಾಯಿ 1984ರ ಒಲಿಂಪಿಕ್ಸ್ ರಿಲೇಯಲ್ಲಿ ಕೆನಡಾಕ್ಕೆ ಬೆಳ್ಳಿ ತಂದ ಓಟಗಾರ್ತಿ. ಆದರೆ ಎನ್‌ಬಿಎಯಲ್ಲಿ ಅವರು ಇನ್ನೂ ಒಂದು ಪಂದ್ಯವನ್ನೂ ಆಡಿರಲಿಲ್ಲ.

ಇಂಥ ವಿನಿಮಯವನ್ನು ಇಂದಿನ ಲಾಭ, ನಾಳಿನ ಲಾಭ ಎಂದು ತೂಗಿ ನೋಡುವುದು ಕ್ರೀಡಾ ಬರಹಗಳ ರೂಢಿ. ಇಬ್ಬರು ಆಟಗಾರರನ್ನು ಮಾತ್ರ ಅಕ್ಕಪಕ್ಕ ನಿಲ್ಲಿಸಿ ನೋಡಿದರೆ ಉತ್ತರ ಸಿಗದು ಎಂಬುದು ಈ ಲೇಖನದ ವಾದ. ತಂಡದಲ್ಲಿ ಆಗಲೇ ಇರುವ ಶ್ರೇಷ್ಠ ಆಟಗಾರನ ವಯಸ್ಸು ಇಲ್ಲಿ ನಿರ್ಣಾಯಕ. ಆ ಡಿಸೆಂಬರ್‌ಗೆ ಲೆಬ್ರಾನ್‌ಗೆ 30 ತುಂಬುತ್ತಿತ್ತು. ವಿಗಿನ್ಸ್ ಪಳಗಲು ನಾಲ್ಕು ವರ್ಷ ಹಿಡಿದಿದ್ದರೆ ಲೆಬ್ರಾನ್ 34ರ ಹತ್ತಿರ ಬಂದಿರುತ್ತಿದ್ದರು.

ಕ್ಲೀವ್‌ಲ್ಯಾಂಡಿಗೆ ಇನ್ನೊಂದು ಪಾಠ ಮನೆಯಲ್ಲೇ ಇತ್ತು. ಡ್ರಾಫ್ಟ್‌ನ ಸರದಿ ನಿರ್ಧರಿಸುವ ಲಾಟರಿಯ ಅದೃಷ್ಟ ಆ ತಂಡದ ಕಡೆ ವಿಚಿತ್ರವಾಗಿ ವಾಲಿತ್ತು: ನಾಲ್ಕು ವರ್ಷಗಳಲ್ಲಿ ಮೂರು ಬಾರಿ ಮೊದಲ ಆಯ್ಕೆ, 2014ರಲ್ಲಂತೂ ಕೇವಲ ಶೇ 1.7ರ ಸಾಧ್ಯತೆಯಿಂದ. 2011ರ ಆಯ್ಕೆ ಕೈರಿ ಅರ್ವಿಂಗ್ ತಾರೆಯಾಗಿ ಬೆಳೆದರು. 2013ರ ಆಯ್ಕೆ ಆಂಥೊನಿ ಬೆನೆಟ್ ಮೊದಲ ವರ್ಷವೇ ತಡವರಿಸಿದರು. ವಿಗಿನ್ಸ್ ಜೊತೆ ಅದೇ ವಿನಿಮಯದಲ್ಲಿ ಮಿನೆಸೋಟಾಕ್ಕೆ ಹೋದವರಲ್ಲಿ ಬೆನೆಟ್ ಕೂಡ ಒಬ್ಬರು. ಮೊದಲ ಆಯ್ಕೆ ಎಂಬ ಒಂದೇ ಪಟ್ಟದೊಳಗೆ ಎಷ್ಟು ಭಿನ್ನ ಭವಿಷ್ಯಗಳು ಅಡಗಿರುತ್ತವೆ ಎಂಬುದಕ್ಕೆ ಆ ತಂಡ ಬೇರೆಡೆ ಸಾಕ್ಷಿ ಹುಡುಕಬೇಕಿರಲಿಲ್ಲ.

ಹಾಗಿದ್ದೂ ಭರವಸೆ ಮನಸ್ಸನ್ನು ಸೆಳೆಯುತ್ತದೆ. ಝಕಾರಿ ಟೊರ್ಮಾಲಾ, ಜೇಸನ್ ಜಿಯಾ ಮತ್ತು ಮೈಕೆಲ್ ನಾರ್ಟನ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರನ ಐದು ವರ್ಷಗಳ ಅಂಕಿಅಂಶಗಳನ್ನು ಕೆಲವರಿಗೆ ಆಡಿ ಮುಗಿಸಿದ ದಾಖಲೆಯಾಗಿ, ಕೆಲವರಿಗೆ ಮುಂದೆ ಆಡಬಹುದಾದ ಅಂದಾಜಾಗಿ ತೋರಿಸಲಾಯಿತು. ಅಂದಾಜನ್ನು ನೋಡಿದವರೇ ಆರನೆಯ ವರ್ಷಕ್ಕೆ ಹೆಚ್ಚು ಸಂಬಳ ಕೊಡಲು ಮುಂದಾದರು. ಬ್ಯಾರಿ ಸ್ಟಾ ಮತ್ತು ಹಾ ಹೋಂಗ್ 1995ರಲ್ಲಿ ಮತ್ತೊಂದು ಸಂಗತಿ ತೋರಿಸಿದ್ದರು. ಡ್ರಾಫ್ಟ್‌ನಲ್ಲಿ ಮುಂಚೆ ಆಯ್ಕೆಯಾದವರಿಗೆ, ಆಟದ ಗುಣಮಟ್ಟವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಅಂಕಣದಲ್ಲಿ ಹೆಚ್ಚು ನಿಮಿಷಗಳು ಸಿಗುತ್ತಿದ್ದವು. ಅವರ ವೃತ್ತಿಜೀವನವೂ ಹೆಚ್ಚು ಬಾಳುತ್ತಿತ್ತು. ಆಯ್ಕೆ ಮಾಡಿದವರಿಗೆ ತಮ್ಮ ಆಯ್ಕೆಯನ್ನು ಬಿಟ್ಟುಕೊಡುವುದು ಕಷ್ಟ. ಕ್ಲೀವ್‌ಲ್ಯಾಂಡ್ ಎರಡೇ ತಿಂಗಳಲ್ಲಿ ಆ ಹಂಗನ್ನು ಹರಿದುಕೊಂಡದ್ದು ಸಣ್ಣ ಮಾತಲ್ಲ.

ಹಣದ ಲೆಕ್ಕ ಮಾತ್ರ ಹೊಸಬರ ಪರವಾಗಿಯೇ ಇದೆ. 1994ರ ಮೊದಲ ಆಯ್ಕೆ ಗ್ಲೆನ್ ರಾಬಿನ್ಸನ್ ಹತ್ತು ವರ್ಷಕ್ಕೆ 6.8 ಕೋಟಿ ಡಾಲರ್ ಒಪ್ಪಂದ ಪಡೆದ ಮೇಲೆ, 1995ರಿಂದ ಲೀಗ್ ಹೊಸಬರ ಸಂಬಳಕ್ಕೆ ನಿಗದಿತ ಶ್ರೇಣಿ ತಂದಿತು. ಹೀಗಾಗಿ 2014–15ರಲ್ಲಿ ವಿಗಿನ್ಸ್ ಸಂಬಳ ಸುಮಾರು 55 ಲಕ್ಷ ಡಾಲರ್, ಲವ್ ಅವರದು ಸುಮಾರು 1.57 ಕೋಟಿ. ಸಂಬಳದ ಮಿತಿಯಿರುವ ಲೀಗ್‌ನಲ್ಲಿ ಈ ಅಂತರದಲ್ಲಿ ಇನ್ನೂ ಒಬ್ಬಿಬ್ಬರು ಒಳ್ಳೆಯ ಆಟಗಾರರನ್ನು ಇಟ್ಟುಕೊಳ್ಳಬಹುದು. ಮೇಲಾಗಿ ಲವ್ ಮರುವರ್ಷವೇ ತಂಡ ಬಿಟ್ಟು ಹೋಗಲು ಸ್ವತಂತ್ರರಿದ್ದರು.

ತಾರೆಗಾಗಿ ಹೊಸಬನನ್ನು ಬಿಟ್ಟುಕೊಟ್ಟದ್ದಕ್ಕೆ ಇತಿಹಾಸದಲ್ಲಿ ಕಹಿಯಾದ ಉದಾಹರಣೆಯಿದೆ. 1956ರ ಡ್ರಾಫ್ಟ್‌ನಲ್ಲಿ ಮೊದಲ ಸರದಿಯ ರಾಚೆಸ್ಟರ್ ತಂಡ ಸಿಹ್ಯೂಗೊ ಗ್ರೀನ್ ಅವರನ್ನು ಆರಿಸಿತು. ಎರಡನೆಯ ಸರದಿ ಸೇಂಟ್ ಲೂಯಿಸ್ ಹಾಕ್ಸ್‌ದು. ಅದರಿಂದ ಬಂದ ಬಿಲ್ ರಸೆಲ್‌ರನ್ನು ಆ ತಂಡ ಬಾಸ್ಟನ್‌ಗೆ ಬಿಟ್ಟುಕೊಟ್ಟು ಎಡ್ ಮೆಕಾಲಿ ಮತ್ತು ಕ್ಲಿಫ್ ಹೇಗನ್‌ರನ್ನು ಪಡೆಯಿತು. ಮೆಕಾಲಿ ಸೇಂಟ್ ಲೂಯಿಸ್‌ನವರೇ, 1951ರ ಮೊದಲ ಆಲ್‌ಸ್ಟಾರ್ ಪಂದ್ಯದ ಶ್ರೇಷ್ಠ ಆಟಗಾರ. ರಸೆಲ್ ಮೆಲ್ಬರ್ನ್ ಒಲಿಂಪಿಕ್ಸ್ ಮುಗಿಸಿ ತಡವಾಗಿ ಬರುವವರಿದ್ದರು. ವರ್ಣಭೇದದಲ್ಲಿ ಮುಳುಗಿದ್ದ ಸೇಂಟ್ ಲೂಯಿಸ್ ಒಬ್ಬ ಕಪ್ಪು ತಾರೆಯನ್ನು ಹೇಗೆ ನಡೆಸಿಕೊಳ್ಳುತ್ತಿತ್ತು ಎಂಬ ಪ್ರಶ್ನೆಯನ್ನೂ ಇಲ್ಲಿ ಬದಿಗಿಡಲಾಗದು. ಇವೇ ಎರಡು ತಂಡಗಳ ನಡುವಿನ 1957ರ ಫೈನಲ್ಸ್‌ನ ಏಳನೆಯ ಪಂದ್ಯ ಎರಡು ಹೆಚ್ಚುವರಿ ಅವಧಿಗಳಿಗೆ ಹೋಗಿ 125–123ರಲ್ಲಿ ಬಾಸ್ಟನ್ ಗೆದ್ದಿತು. 1958ರಲ್ಲಿ ರಸೆಲ್ ಕಾಲು ಉಳುಕಿಸಿಕೊಂಡರು, ಹಾಕ್ಸ್‌ನ ಬಾಬ್ ಪೆಟಿಟ್ ಫೈನಲ್ಸ್‌ನ ಆರನೆಯ ಪಂದ್ಯದಲ್ಲಿ 50 ಅಂಕ ಗಳಿಸಿದರು, ಹಾಕ್ಸ್ ಚಾಂಪಿಯನ್ ಆಯಿತು. ಅಂದರೆ ತಾರೆಯನ್ನು ಆರಿಸಿದ್ದಕ್ಕೆ ಫಲ ಸಿಕ್ಕೇ ಸಿಕ್ಕಿತು. ಆದರೆ ರಸೆಲ್ 13 ಋತುಗಳಲ್ಲಿ 11 ಪ್ರಶಸ್ತಿ ಗೆದ್ದರು. ಮುಂದೆ ಅಟ್ಲಾಂಟಾಕ್ಕೆ ಸ್ಥಳಾಂತರಗೊಂಡ ಹಾಕ್ಸ್ 1958ರ ನಂತರ ಮತ್ತೆ ಚಾಂಪಿಯನ್ ಆಗಿಲ್ಲ.

ಅದೇ ಬಾಸ್ಟನ್ 1980ರಲ್ಲಿ ವಿರುದ್ಧ ದಿಕ್ಕಿನಲ್ಲಿ ನಡೆಯಿತು. ಲ್ಯಾರಿ ಬರ್ಡ್ ತಂಡಕ್ಕೆ ಬಂದಾಗಿತ್ತು. ಮೊದಲ ಆಯ್ಕೆಯ ಹಕ್ಕನ್ನು, ಜೊತೆಗೆ 13ನೆಯದನ್ನೂ ಗೋಲ್ಡನ್ ಸ್ಟೇಟ್‌ಗೆ ಕೊಟ್ಟು, ನಾಲ್ಕು ಋತು ಆಡಿ ಪಳಗಿದ್ದ ರಾಬರ್ಟ್ ಪ್ಯಾರಿಶ್ ಮತ್ತು ಮೂರನೆಯ ಆಯ್ಕೆಯ ಹಕ್ಕನ್ನು ಪಡೆಯಿತು. ಆ ಮೂರನೆಯ ಆಯ್ಕೆಯೇ ಕೆವಿನ್ ಮೆಕ್‌ಹೇಲ್. 1981, 1984, 1986ರ ಪ್ರಶಸ್ತಿಗಳು ಈ ಮೂವರ ಬೆನ್ನ ಮೇಲೆ ಬಂದವು.

ಕ್ಲೀವ್‌ಲ್ಯಾಂಡಿಗೆ ಮರಳೋಣ. 33 ಗೆಲುವುಗಳ ತಂಡ ಮರುವರ್ಷ 53 ಗೆದ್ದಿತು. ಲವ್ 2015ರ ಮೊದಲ ಪ್ಲೇಆಫ್ ಸರಣಿಯಲ್ಲೇ ಭುಜ ಕಳಚಿಕೊಂಡು ಹೊರಗುಳಿದರು, ತಂಡ ಫೈನಲ್ಸ್‌ನಲ್ಲಿ ಸೋತಿತು. ಲೆಬ್ರಾನ್ ಪಕ್ಕದಲ್ಲಿ ಅವರ ಅಂಕಗಳ ಸರಾಸರಿ 16.4ಕ್ಕೆ ಇಳಿದಾಗ, ವಿಗಿನ್ಸ್ ಅತ್ಯುತ್ತಮ ಹೊಸ ಆಟಗಾರ ಪ್ರಶಸ್ತಿ ಪಡೆದಾಗ, ವಿನಿಮಯವನ್ನು ಹಳಿದವರು ಬಹಳ. ಆದರೆ 2016ರ ಫೈನಲ್ಸ್‌ನಲ್ಲಿ, ಜೂನ್ 19ರ ಏಳನೆಯ ಪಂದ್ಯದಲ್ಲಿ, ಲವ್ ಗಳಿಸಿದ್ದು 9 ಅಂಕ, 14 ರೀಬೌಂಡ್. ಕೊನೆಯ ನಿಮಿಷದಲ್ಲಿ, 92–89ರ ಮುನ್ನಡೆಯಲ್ಲಿ, ಗೋಲ್ಡನ್ ಸ್ಟೇಟ್‌ನ ಸ್ಟೆಫ್ ಕರಿ ಎದುರು ಒಂಟಿಯಾಗಿ ಸಿಕ್ಕಿಬಿದ್ದ ಅವರು ಕರಿಯ ಮೂರು ಅಂಕದ ಎಸೆತ ಗುರಿ ತಪ್ಪುವಂತೆ ಮಾಡಿದರು. ರಕ್ಷಣೆಯಲ್ಲಿ ದುರ್ಬಲರೆಂದೇ ಹೆಸರಾಗಿದ್ದವರು ಅವರು. ಕ್ಲೀವ್‌ಲ್ಯಾಂಡ್ ಚಾಂಪಿಯನ್ ಆಯಿತು. ಆ ನಗರ ಅದುವರೆಗೆ 52 ವರ್ಷಗಳಿಂದ ಯಾವ ದೊಡ್ಡ ಕ್ರೀಡಾ ಪ್ರಶಸ್ತಿಯನ್ನೂ ಕಂಡಿರಲಿಲ್ಲ.

ವಿಗಿನ್ಸ್ ಕಥೆ ಸೋಲಿನದೆಂದು ಬರೆಯುವುದು ಅನ್ಯಾಯ. ಮಿನೆಸೋಟಾ 2017ರಲ್ಲಿ ಅವರಿಗೆ ಐದು ವರ್ಷಕ್ಕೆ 14 ಕೋಟಿ ಡಾಲರ್‌ಗೂ ಮಿಕ್ಕ ಒಪ್ಪಂದ ಕೊಟ್ಟಿತು, ತಂಡದ ಭಾರವನ್ನೆಲ್ಲ ಹೊರಿಸಲು ನೋಡಿತು. ಆ ಭಾರ ಅವರ ಸ್ವಭಾವಕ್ಕೆ ಒಗ್ಗಲಿಲ್ಲ. 2020ರ ಫೆಬ್ರುವರಿಯಲ್ಲಿ ಗೋಲ್ಡನ್ ಸ್ಟೇಟ್ ಸೇರಿದ ಮೇಲೆ ಅವರಿಗೆ ಸಿಕ್ಕ ಕೆಲಸವೇ ಬೇರೆ: ಎದುರಾಳಿಯ ಮುಖ್ಯ ಆಟಗಾರನನ್ನು ಕಟ್ಟಿಹಾಕುವುದು, ರೀಬೌಂಡ್ ಹಿಡಿಯುವುದು. 2022ರ ಫೈನಲ್ಸ್‌ನಲ್ಲಿ ಬಾಸ್ಟನ್‌ನ ಜೇಸನ್ ಟೇಟಮ್ ಬೆನ್ನು ಬಿಡದೆ ಕಾದರು. ಐದನೆಯ ಪಂದ್ಯದಲ್ಲಿ 26 ಅಂಕ, 13 ರೀಬೌಂಡ್ ಗಳಿಸಿದರು. ಗೋಲ್ಡನ್ ಸ್ಟೇಟ್‌ಗೆ ಆ ಪ್ರಶಸ್ತಿ ಬಂದಾಗ ಅವರಿಗೆ 27 ವರ್ಷ. ಲೆಬ್ರಾನ್ 2018ರಲ್ಲೇ ಕ್ಲೀವ್‌ಲ್ಯಾಂಡ್ ಬಿಟ್ಟಾಗಿತ್ತು. ವಿಗಿನ್ಸ್‌ರಲ್ಲಿ ಪ್ರತಿಭೆ ಇದ್ದದ್ದು ನಿಜ, ಅದು ಮಾಗಿದ್ದು ಕ್ಲೀವ್‌ಲ್ಯಾಂಡ್ ಕಾಯಬಹುದಾಗಿದ್ದ ಅವಧಿಯ ಆಚೆಗೆ. ಹಾಗಾಗಿ 2014ರ ನಿರ್ಧಾರ ಸರಿಯೇ ಇತ್ತು. 2015ರ ಬೇಸಗೆಯಲ್ಲಿ ಲವ್ ಅಲ್ಲೇ ಉಳಿಯಲು ಒಪ್ಪದೆ ಹೋಗಿದ್ದರೂ ಅದನ್ನು ಅವಿವೇಕವೆನ್ನಲು ಬರುತ್ತಿರಲಿಲ್ಲ.

ಲೀಗ್ ಮತ್ತು ಆಟಗಾರರ ನಡುವಿನ 2023ರ ಹೊಸ ಒಪ್ಪಂದ ಈ ತೂಕವನ್ನು ಮತ್ತೆ ಬದಲಿಸಿದೆ. ಸಂಬಳದ ಮಿತಿಯನ್ನು ತೀರಾ ಮೀರಿದ ತಂಡಗಳ ಮೇಲೆ ಕಠಿಣ ನಿರ್ಬಂಧಗಳು ಬಂದಿರುವುದರಿಂದ, ನಿಗದಿತ ಸಂಬಳದ ಹೊಸಬರು ಮೊದಲಿಗಿಂತ ಬೆಲೆಬಾಳುತ್ತಾರೆ. 2025ರ ಡ್ರಾಫ್ಟ್‌ನ ಎರಡನೆಯ ಆಯ್ಕೆ ಸ್ಯಾನ್ ಆಂಟೋನಿಯೊ ಸ್ಪರ್ಸ್‌ಗೆ ಬಂದಾಗ, ಆ ತಂಡದ ಮುಖ್ಯ ಆಟಗಾರ ವಿಕ್ಟರ್ ವೆಂಬನ್ಯಾಮಾಗೆ 21 ವರ್ಷ, ಅವರು ಇನ್ನೂ ಹೊಸಬರ ಸಂಬಳದಲ್ಲೇ ಇದ್ದರು. ಸ್ಪರ್ಸ್ ಆ ಸರದಿಯನ್ನು ಬಿಟ್ಟುಕೊಡದೆ ಡಿಲನ್ ಹಾರ್ಪರ್ ಅವರನ್ನು ಆರಿಸಿ ತಂಡದಲ್ಲೇ ಇರಿಸಿಕೊಂಡಿತು.